ಆರು ಸಾವಿರ ಮೈಲಿ ಓಡಿದ ಸ್ನೋಮೊಬೈಲ್: ಕೊಳ್ಳಬಹುದೇ, ಬಿಡಬೇಕೇ?

ಮೈಸೂರಿನಿಂದ ಬಂದು ಅಮೆರಿಕದ ಮಿಷಿಗನ್ ರಾಜ್ಯದ ಉತ್ತರ ತುದಿಯಲ್ಲಿ ನೆಲೆಸಿ ಇಪ್ಪತ್ತು ವರ್ಷಗಳ ಮೇಲಾಯಿತು. ಸುಪೀರಿಯರ್ ಸರೋವರದೊಳಕ್ಕೆ ಬೆರಳಿನಂತೆ ಚಾಚಿಕೊಂಡಿರುವ ಕೀವಿನಾ ಎಂಬ ಪರ್ಯಾಯ ದ್ವೀಪ ಇದು. ಹ್ಯಾನ್‌ಕಾಕ್ ಪಟ್ಟಣದಲ್ಲಿ ಸಣ್ಣ ಇಂಜಿನ್‌ಗಳನ್ನು ರಿಪೇರಿ ಮಾಡುವ ನನ್ನ ಅಂಗಡಿಯಿದೆ. ಬೇಸಿಗೆಯಲ್ಲಿ ಹುಲ್ಲು ಕತ್ತರಿಸುವ ಯಂತ್ರ, ದೋಣಿಯ ಮೋಟಾರು. ಚಳಿಗಾಲ ಬಂತೆಂದರೆ ಬರೀ ಸ್ನೋಮೊಬೈಲ್. ಯಂತ್ರಗಳ ಬಗ್ಗೆ ಈ ಪುಟಕ್ಕೆ ಬರುವ ಪ್ರಶ್ನೆಗಳಿಗೆ ನಾನು ಉತ್ತರಿಸುತ್ತಾ ಬಂದಿದ್ದೇನೆ. ಈ ಸಲದ ನಾಲ್ಕು ಪತ್ರಗಳೂ ಹಿಮದ ಮೇಲೆ ಓಡುವ ಗಾಡಿಯ ಕುರಿತೇ ಇರುವುದರಿಂದ ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನಮಸ್ಕಾರ ಸರ್. ನನ್ನ ಮಗ ನಿಮ್ಮ ಪಕ್ಕದ ಹೋಟನ್ ಪಟ್ಟಣದ ಮಿಷಿಗನ್ ಟೆಕ್ ವಿಶ್ವವಿದ್ಯಾಲಯದಲ್ಲಿ ಎಂ.ಎಸ್. ಓದುತ್ತಿದ್ದಾನೆ. ಇಬ್ಬರು ಗೆಳೆಯರ ಜೊತೆ ಸೇರಿ 2,800 ಡಾಲರಿಗೆ ಹಳೆಯ ಸ್ನೋಮೊಬೈಲ್ ಒಂದನ್ನು ಕೊಳ್ಳುತ್ತಾನಂತೆ. 600 ಸಿ.ಸಿ., ಟು ಸ್ಟ್ರೋಕ್, 6,000 ಮೈಲಿ ಓಡಿದೆ. ‘ಬರೀ ಹತ್ತು ಸಾವಿರ ಕಿಲೋಮೀಟರ್ ಅಪ್ಪಾ, ನಿಮ್ಮ ಸ್ಪ್ಲೆಂಡರ್ ಲಕ್ಷ ದಾಟಿಲ್ಲವೇ?’ ಎಂದು ನನ್ನ ಬಾಯಿ ಮುಚ್ಚಿಸಿದ. ಚೆನ್ನಾಗಿ ನೋಡಿಕೊಂಡ ಸ್ನೋಮೊಬೈಲ್ ಒಟ್ಟು ಎಷ್ಟು ಮೈಲಿ ಬಾಳುತ್ತದೆ? ಹಣ ಕಳಿಸಲೇ, ಬೇಡವೇ?
– ನಿವೃತ್ತ ಶಿಕ್ಷಕರು, ಶಿವಮೊಗ್ಗ

ಉತ್ತರ: ಮೇಷ್ಟ್ರೇ, ನೀವು ಕೇಳಿದ ಅಂಕಿಯನ್ನು ಮೊದಲು ಹೇಳಿಬಿಡುತ್ತೇನೆ. ನೀರಿನಿಂದ ತಂಪಾಗುವ ಟು ಸ್ಟ್ರೋಕ್ ಸ್ನೋಮೊಬೈಲನ್ನು ಒಪ್ಪವಾಗಿ ನೋಡಿಕೊಂಡರೆ ಇಂಜಿನ್ ಬಿಚ್ಚದೆ ಎಂಟರಿಂದ ಹತ್ತು ಸಾವಿರ ಮೈಲಿ ಓಡುತ್ತದೆ. ಆ ಹೊತ್ತಿಗೆ ಪಿಸ್ಟನ್, ರಿಂಗ್ ಬದಲಾಯಿಸಿದರೆ ಇನ್ನೂ ಐದಾರು ಸಾವಿರ ಮೈಲಿಗೆ ಮೋಸವಿಲ್ಲ. ಫೋರ್ ಸ್ಟ್ರೋಕ್ ಆದರೆ ಇಪ್ಪತ್ತು ಸಾವಿರ ದಾಟುವುದು ಸಾಮಾನ್ಯ. ನನ್ನ ಅಂಗಡಿಗೆ ಪ್ರತಿ ಅಕ್ಟೋಬರ್‌ನಲ್ಲಿ ಬರುವ ಒಂದು ಯಮಹಾ ಗಾಡಿ 31,000 ಮೈಲಿ ಮುಗಿಸಿ ಇನ್ನೂ ಮೊದಲ ಸಲಕ್ಕೇ ಶುರುವಾಗುತ್ತದೆ. ಈ ಲೆಕ್ಕದಲ್ಲಿ ನಿಮ್ಮ ಮಗ ನೋಡಿರುವ ಗಾಡಿ, ಇಂಜಿನ್ ಬಿಚ್ಚುವ ಮೊದಲಿನ ಆಯುಷ್ಯದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಕಳೆದಿದೆ. ಅದು ಮುದಿಯಲ್ಲ, ಎಳೆಯದೂ ಅಲ್ಲ.

ಆದರೆ ಸ್ಪ್ಲೆಂಡರ್ ಜೊತೆ ಹೋಲಿಸಿದ್ದು ತಪ್ಪು. ಅದನ್ನು ನೀವು ಮಗನಿಗೆ ಧೈರ್ಯವಾಗಿ ಹೇಳಬಹುದು. ಬೈಕು ಓಡುವುದು ಗಟ್ಟಿ ನೆಲದ ಮೇಲೆ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟರೆ ತನ್ನಷ್ಟಕ್ಕೆ ಉರುಳುತ್ತದೆ, ಇಂಜಿನ್‌ಗೆ ಅಷ್ಟು ಹೊತ್ತು ವಿಶ್ರಾಂತಿ. ಸ್ನೋಮೊಬೈಲಿಗೆ ಉರುಳುವುದೇ ಗೊತ್ತಿಲ್ಲ. ಹತ್ತು ಅಡಿಗಿಂತ ಉದ್ದದ ರಬ್ಬರ್ ಪಟ್ಟಿಯೊಂದನ್ನು, ಇಲ್ಲಿನವರು ಟ್ರ್ಯಾಕ್ ಎನ್ನುತ್ತಾರೆ, ಮೆತ್ತನೆಯ ಹಿಮದೊಳಗೆ ಸುತ್ತಿಸುತ್ತಲೇ ಇರಬೇಕು. ಕೆಸರುಗದ್ದೆಯಲ್ಲಿ ಗಾಡಿ ಎಳೆಯುವ ಎತ್ತಿನ ಪಾಡು ಅದರದು. ಬೆರಳು ಸಡಿಲಿಸಿದರೆ ಕೆಲವೇ ಮಾರಿನಲ್ಲಿ ನಿಂತುಬಿಡುತ್ತದೆ. ಗೇರು ಇಲ್ಲ, ಬೆಲ್ಟಿನ ಮೇಲೆ ನಡೆಯುವ ಕ್ಲಚ್ಚು. ಪೂರ್ತಿ ಒತ್ತಿದಾಗ ಅದು ಇಂಜಿನನ್ನು ನಿಮಿಷಕ್ಕೆ ಎಂಟು ಸಾವಿರ ಸುತ್ತಿನ ಆಸುಪಾಸಿನಲ್ಲೇ ಹಿಡಿದಿಡುತ್ತದೆ. ಟು ಸ್ಟ್ರೋಕ್‌ನಲ್ಲಿ ಪ್ರತಿ ಸುತ್ತಿಗೂ ಒಂದು ಸ್ಫೋಟ. ಹೀಗಾಗಿ ಮೈಲಿಗಿಂತ ಗಂಟೆಯ ಲೆಕ್ಕವೇ ಸರಿ. ಸರಾಸರಿ ಗಂಟೆಗೆ ಇಪ್ಪತ್ತೈದು ಮೈಲಿ ವೇಗ ಹಿಡಿದರೂ 6,000 ಮೈಲಿ ಎಂದರೆ 240 ಗಂಟೆಗಳ ಕಷ್ಟದ ದುಡಿಮೆ. ಹೊಸ ಗಾಡಿಗಳ ಮೀಟರಿನಲ್ಲಿ ಗಂಟೆಯೂ ಕಾಣುತ್ತದೆ. ಮಗನಿಗೆ ಅದನ್ನು ನೋಡಲು ಹೇಳಿ. ಮೈಲಿ ಕಡಿಮೆ, ಗಂಟೆ ಬಹಳ ಹೆಚ್ಚು ಎಂದಿದ್ದರೆ ಆ ಇಂಜಿನನ್ನು ನಿಂತಲ್ಲೇ ಬಹಳ ಉರಿಸಿದ್ದಾರೆ ಎಂದರ್ಥ.

ನನ್ನ ತಂದೆ ಮೈಸೂರಿನ ಯಾದವಗಿರಿಯಲ್ಲಿದ್ದ ಯೆಜ್ಡಿ ಕಾರ್ಖಾನೆಯಲ್ಲಿ ಇಂಜಿನ್ ಜೋಡಿಸುವ ಕೆಲಸದಲ್ಲಿದ್ದರು. 1996ರಲ್ಲಿ ಅದು ಮುಚ್ಚುವವರೆಗೂ ನಮ್ಮ ಮನೆಯ ಗಾಳಿಯಲ್ಲಿ ಟು ಸ್ಟ್ರೋಕ್ ಎಣ್ಣೆಯ ವಾಸನೆಯಿತ್ತು. ‘ಪೆಟ್ರೋಲು ಇಂಜಿನ್ನಿನ ಊಟ, ಎಣ್ಣೆ ಅದರ ಉಸಿರು’ ಎನ್ನುತ್ತಿದ್ದರು ಅವರು. ಅದರ ಅರ್ಥ ನನಗೆ ತಿಳಿದದ್ದು ಇಲ್ಲಿಗೆ ಬಂದ ಮೇಲೆ. ಫೋರ್ ಸ್ಟ್ರೋಕ್ ಇಂಜಿನ್‌ನ ಕೆಳಗೆ ಎಣ್ಣೆ ತುಂಬಿಕೊಂಡು ನಿಂತಿರುತ್ತದೆ, ಎಲ್ಲ ಬೇರಿಂಗುಗಳಿಗೂ ಪಂಪ್ ಅದನ್ನು ಒತ್ತಿ ಕಳಿಸುತ್ತದೆ. ಟು ಸ್ಟ್ರೋಕ್‌ಗೆ ಆ ಭಾಗ್ಯವಿಲ್ಲ. ಪೆಟ್ರೋಲಿನ ಜೊತೆ ಹನಿಹನಿಯಾಗಿ ಬಂದ ಎಣ್ಣೆಯೇ, ಪಿಸ್ಟನ್ನಿನ ಏರಿಳಿತವನ್ನು ತಿರುಗುವಿಕೆಯಾಗಿಸುವ ಕ್ರ್ಯಾಂಕಿನ ಬೇರಿಂಗನ್ನೂ ಪಿಸ್ಟನ್ನಿನ ಬದಿಯನ್ನೂ ಸವರಿ, ಉರಿದು, ಹೊಗೆಯಾಗಿ ಹೋಗಬೇಕು. ಆ ಹನಿ ತಪ್ಪಿದರೆ ಕೆಲವೇ ನಿಮಿಷಗಳಲ್ಲಿ ಎಲ್ಲ ಮುಗಿಯುತ್ತದೆ.

ಮೈಲಿಯ ಅಂಕಿಯನ್ನು ನಾನು ಏಕೆ ಪೂರ್ತಿ ನಂಬುವುದಿಲ್ಲ ಎಂಬುದಕ್ಕೆ ಹೋದ ವರ್ಷ ಒಂದೇ ವಾರದಲ್ಲಿ ಅಂಗಡಿಗೆ ಬಂದ ಎರಡು ಗಾಡಿಗಳ ಕಥೆ ಹೇಳುತ್ತೇನೆ. ಎರಡೂ ಒಂದೇ ಬಗೆಯ 600 ಸಿ.ಸಿ. ಟು ಸ್ಟ್ರೋಕ್. ಒಂದು 4,100 ಮೈಲಿ ಓಡಿತ್ತು, ಇನ್ನೊಂದು 14,000 ದಾಟಿತ್ತು.

4,100 ಮೈಲಿಯದು ಸರೋವರದ ದಂಡೆಯ ರಜಾಮನೆಯೊಂದರದು. ವರ್ಷಕ್ಕೆ ಮೂರು ನಾಲ್ಕು ವಾರಾಂತ್ಯ ಮಾತ್ರ ಮಾಲೀಕರು ಬರುತ್ತಾರೆ. ಬಂದವರಿಗೆ ಅವಸರ. ಮೈನಸ್ ಇಪ್ಪತ್ತು ಡಿಗ್ರಿಯ ಬೆಳಿಗ್ಗೆ ಗಾಡಿ ಶುರು ಮಾಡಿ, ಒಂದು ನಿಮಿಷವೂ ಕಾಯದೆ ಪೂರ್ತಿ ಒತ್ತಿ ಸರೋವರದ ಮೇಲೆ ಓಡಿಸುತ್ತಾರೆ. ಬೇಸಿಗೆಯಲ್ಲಿ ನೀಲಿ ಪ್ಲಾಸ್ಟಿಕ್ ಹೊದಿಸಿ ಒದ್ದೆ ಹುಲ್ಲಿನ ಮೇಲೆ ಬಿಟ್ಟು ಹೋಗುತ್ತಾರೆ. ಇಂಜಿನ್ ಬಿಚ್ಚಿದಾಗ ಪಿಸ್ಟನ್ನಿನ ಮೈಮೇಲೆ ನಾಲ್ಕು ಕಡೆ ಉದ್ದುದ್ದ ಗೀರು. ಗಾಳಿಪೆಟ್ಟಿಗೆಯೊಳಗೆ ಇಲಿಯ ಗೂಡು. ಕ್ರ್ಯಾಂಕಿನ ಬೇರಿಂಗಿನ ಒಂದು ಪಕ್ಕಕ್ಕೆ, ತೇವ ನಿಂತಷ್ಟು ಎತ್ತರಕ್ಕೆ, ಗೆರೆ ಎಳೆದಂತೆ ತುಕ್ಕು.

ಇನ್ನೊಂದು ಗಾಡಿ ಒಬ್ಬ ನಿವೃತ್ತ ಶಾಲಾ ಬಸ್ ಚಾಲಕರದು. ಹಿಮ ಬಿದ್ದ ದಿನದಿಂದ ಕರಗುವ ದಿನದವರೆಗೆ ಅವರು ಅದನ್ನು ಬಿಡುವುದಿಲ್ಲ; ಮೀನು ಹಿಡಿಯಲು, ಮಗಳ ಮನೆಗೆ, ಅಂಚೆ ಕಚೇರಿಗೆ, ಎಲ್ಲಕ್ಕೂ ಅದೇ. ಎಂಟು ಸಾವಿರ ಮೈಲಿಯಾದಾಗ ಏನೂ ಕೆಡದಿದ್ದರೂ ಪಿಸ್ಟನ್ ಬದಲಾಯಿಸಿಕೊಂಡರು. ಕೆಟ್ಟ ಮೇಲೆ ಬಿಚ್ಚಿದರೆ ಪಿಸ್ಟನ್ನಿನ ಚೂರು ಸಿಲಿಂಡರನ್ನೂ ಕ್ರ್ಯಾಂಕನ್ನೂ ತಿಂದಿರುತ್ತದೆ, ಕೆಡುವ ಮೊದಲು ಬಿಚ್ಚಿದರೆ ಪಿಸ್ಟನ್ನಿನ ಖರ್ಚಷ್ಟೇ ಎಂದು ಅವರಿಗೆ ಗೊತ್ತು. ನಮ್ಮೂರಿನ ಹಾಗೆ ಇಲ್ಲಿ ಸಿಲಿಂಡರನ್ನು ಲೇತ್ ಅಂಗಡಿಗೆ ಒಯ್ದು ಬೋರ್ ಮಾಡಿಸಿ ದೊಡ್ಡ ಪಿಸ್ಟನ್ ಕೂರಿಸುವಂತಿಲ್ಲ. ಈಗಿನ ಸ್ನೋಮೊಬೈಲ್ ಸಿಲಿಂಡರಿನ ಒಳಮೈಗೆ ನಿಕಾಸಿಲ್ ಎಂಬ ಗಡಸು ಲೇಪ ಇರುತ್ತದೆ. ಅದು ಕಿತ್ತರೆ ಮತ್ತೆ ಲೇಪ ಕೊಡಿಸಬೇಕು, ಇಲ್ಲವೇ ಹೊಸ ಸಿಲಿಂಡರ್.

ಆ ಹಿರಿಯರಿಂದ ನಾನು ಕಲಿತ ಒಂದು ಅಭ್ಯಾಸವಿದೆ. ನಿಮ್ಮ ಮಗ ಯಾವ ಗಾಡಿ ಕೊಂಡರೂ ಇದೊಂದನ್ನು ರೂಢಿಸಿಕೊಳ್ಳಲಿ. ಟ್ರ್ಯಾಕಿನ ಮೇಲೆ, ಸೀಟಿನ ಕೆಳಗೆ ಹಾದುಹೋಗುವ ಅಲ್ಯುಮಿನಿಯಂ ಕವಚಕ್ಕೆ ಟನಲ್ ಎನ್ನುತ್ತಾರೆ. ಇಂಜಿನ್ನಿನ ಬಿಸಿನೀರು ತಣ್ಣಗಾಗುವುದು ಅದರಲ್ಲೇ, ಟ್ರ್ಯಾಕ್ ಎರಚುವ ಹಿಮದಿಂದ. ಶುರು ಮಾಡಿದ ತಕ್ಷಣ ಆ ನೀರು ಅಲ್ಲಿಗೆ ಬರುವುದಿಲ್ಲ. ಇಂಜಿನ್ ಬಿಸಿಯಾಗಿ ಥರ್ಮೋಸ್ಟಾಟ್ ತೆರೆದ ಮೇಲೆ ಬರುತ್ತದೆ. ಅವರು ಗಾಡಿ ಶುರು ಮಾಡಿ, ಮಂದಗತಿಯಲ್ಲಿ ಬಿಟ್ಟು, ಕೈಗವಸು ತೆಗೆದು ಟನಲಿನ ಮೇಲೆ ಅಂಗೈ ಇಡುತ್ತಾರೆ. ರಾತ್ರಿ ಬಿದ್ದ ಹಿಮ ಅದರ ಮೇಲೆ ಸಕ್ಕರೆಪುಡಿಯಂತೆ ಕೂತಿರುತ್ತದೆ. ಸ್ವಲ್ಪ ಹೊತ್ತಿಗೆ ಆ ಪುಡಿಯ ಅಂಚು ಒದ್ದೆಯಾಗಿ ಬಣ್ಣ ತಿರುಗುತ್ತದೆ, ಒಂದು ಕಡೆಯಿಂದ ಜಾರಲು ತೊಡಗುತ್ತದೆ. ಆಮೇಲೆಯೇ ಅವರು ಹತ್ತುವುದು. ಮೊದಲ ಮೈಲಿ ನಿಧಾನ.

ಅಷ್ಟು ಕಾಯುವುದು ಏಕೆಂದರೆ, ಅಲ್ಯುಮಿನಿಯಂ ಪಿಸ್ಟನ್ ಬಹುಬೇಗ ಬಿಸಿಯಾಗಿ ಉಬ್ಬುತ್ತದೆ. ಸುತ್ತಲಿನ ಸಿಲಿಂಡರನ್ನು ಇನ್ನೂ ತಣ್ಣೀರು ಹಿಡಿದುಕೊಂಡಿರುತ್ತದೆ, ಅದು ಉಬ್ಬುವುದಿಲ್ಲ. ನಡುವೆ ಇದ್ದ ಕೂದಲೆಳೆಯಷ್ಟು ಜಾಗವೂ ಹೋಗಿ ಪಿಸ್ಟನ್ ಗೋಡೆಗೆ ಉಜ್ಜುತ್ತದೆ. ಇಂಜಿನ್ ಸೀಜ್ ಆಯಿತು ಎನ್ನುತ್ತೇವಲ್ಲ, ಚಳಿಯಲ್ಲಿ ಆಗುವ ಸೀಜ್ ಇದು. ಎಷ್ಟೋ ಸಲ ಗಾಡಿ ನಿಲ್ಲುವುದೂ ಇಲ್ಲ. ಒಂದು ಗೀರು ಬಿದ್ದು ಮುಂದೆ ಸಾಗುತ್ತದೆ. ಮಾಲೀಕನಿಗೆ ತಿಳಿಯುವುದೇ ಇಲ್ಲ, ಮೀಟರಿನಲ್ಲಿ ಅದು ಬರೆದಿರುವುದೂ ಇಲ್ಲ. 4,100 ಮೈಲಿಯ ಗಾಡಿಗೆ ಆಗಿದ್ದು ಇದೇ.

ನನ್ನ ಮೊದಲ ಗಾಡಿಯನ್ನು ಕಳೆದುಕೊಂಡದ್ದು ಬೇರೆ ಕಾರಣಕ್ಕೆ. 11,200 ಮೈಲಿಯಾಗಿತ್ತು. ಕಾರ್ಬುರೇಟರ್ ಮತ್ತು ಇಂಜಿನ್ ನಡುವಿನ ರಬ್ಬರ್ ಕೊಳವೆ ವಯಸ್ಸಾಗಿ ಬಿರುಕು ಬಿಟ್ಟಿತ್ತು. ಅಲ್ಲಿಂದ ಹೆಚ್ಚುವರಿ ಗಾಳಿ ನುಗ್ಗಿ, ಪೆಟ್ರೋಲು ಎಣ್ಣೆ ಎರಡೂ ತೆಳುವಾಗಿ, ಬೆಂಕಿ ಬಿಸಿಯೇರಿ ಪಿಸ್ಟನ್ನಿನ ತಲೆಯಲ್ಲಿ ಕಿರುಬೆರಳು ಹೋಗುವಷ್ಟು ತೂತು ಬಿತ್ತು. ಇಪ್ಪತ್ತು ಡಾಲರಿನ ರಬ್ಬರು. ಕೈಯಿಂದ ಒಂದು ಸಲ ಬಗ್ಗಿಸಿ ನೋಡಿದ್ದರೆ ಬಿರುಕು ಕಾಣುತ್ತಿತ್ತು. ಅಂದಿನಿಂದ ಯಾವ ಗಾಡಿ ಬಂದರೂ ನಾನು ಮೊದಲು ಬಗ್ಗಿಸಿ ನೋಡುವುದು ಆ ರಬ್ಬರನ್ನೇ.

ಈಗ ನಿಮ್ಮ ಮಗ ನೋಡಿರುವ ಗಾಡಿಗೆ ಬರುತ್ತೇನೆ. ಕೊಳ್ಳುವ ಮೊದಲು ಅವನು ಮಾಲೀಕರಿಗೆ, ‘ನಾನು ಬರುವ ಮುಂಚೆ ಗಾಡಿ ಶುರು ಮಾಡಬೇಡಿ’ ಎಂದು ಹೇಳಲಿ. ತಣ್ಣಗಿರುವ ಇಂಜಿನ್ ಹೇಗೆ ಏಳುತ್ತದೆ ಎಂಬುದನ್ನು ನೋಡಬೇಕು. ಆಮೇಲೆ ಎರಡೂ ಸಿಲಿಂಡರುಗಳ ಕಂಪ್ರೆಶನ್, ಅಂದರೆ ಪಿಸ್ಟನ್ ಒಳಗಿನ ಗಾಳಿಯನ್ನು ಅದುಮಿದಾಗ ಏಳುವ ಒತ್ತಡ, ಅಳೆಯಬೇಕು. ಅಂಕಿ ಎಷ್ಟು ಎನ್ನುವುದಕ್ಕಿಂತ ಎರಡಕ್ಕೂ ಇರುವ ಅಂತರ ಮುಖ್ಯ. ನೂರಕ್ಕೆ ಹತ್ತಕ್ಕಿಂತ ಹೆಚ್ಚು ವ್ಯತ್ಯಾಸ ಕಂಡರೆ ಕೈಮುಗಿದು ಬರಲಿ. ಮಾಲೀಕರು ಒಪ್ಪಿದರೆ ಸೈಲೆನ್ಸರಿನ ಕೊಳವೆ ಬಿಚ್ಚಿ, ಹೊಗೆ ಹೊರಬರುವ ಕಿಂಡಿಯಿಂದ ಟಾರ್ಚು ಬಿಟ್ಟು ಪಿಸ್ಟನ್ನಿನ ಬದಿಯನ್ನು ನೋಡಬೇಕು. ಕಾರ್ಖಾನೆಯಲ್ಲಿ ಕಡೆದಾಗ ಉಳಿದ ನವಿರಾದ ಅಡ್ಡಗೆರೆಗಳು ಇನ್ನೂ ಕಂಡರೆ ಒಳ್ಳೆಯ ಇಂಜಿನ್. ಮೇಲಿಂದ ಕೆಳಕ್ಕೆ ಗೀರು ಕಂಡರೆ ಬೇಡ. ಹತ್ತು ನಿಮಿಷದ ಕೆಲಸ ಇದು, ಮೀಟರಿನ ಅಂಕಿಗಿಂತ ಹೆಚ್ಚು ಹೇಳುತ್ತದೆ.

ಇಂಜಿನ್ ಆಚೆಗೂ ಗಾಡಿಯಿದೆ. ಟ್ರ್ಯಾಕ್ ಒಳಮೈ ಜಾರುವ ಪ್ಲಾಸ್ಟಿಕ್ ಪಟ್ಟಿಗೆ ಹೈಫ್ಯಾಕ್ಸ್ ಎನ್ನುತ್ತಾರೆ. ಅದಕ್ಕೂ ಹಿಮವೇ ಎಣ್ಣೆ. ಹಿಮವಿಲ್ಲದ ರಸ್ತೆಯಲ್ಲಿ, ಗಟ್ಟಿ ಮಂಜುಗಡ್ಡೆಯ ಮೇಲೆ ಓಡಿಸಿದವರ ಗಾಡಿಯಲ್ಲಿ ಆ ಪಟ್ಟಿ ಕರಗಿ ತೆಳುವಾಗಿರುತ್ತದೆ. ಚೈನ್ ಇರುವ ಪೆಟ್ಟಿಗೆಯ ಎಣ್ಣೆ, ಡ್ರೈವ್ ಬೆಲ್ಟು, ಚಕ್ರಗಳ ಬೇರಿಂಗು, ಇವೆಲ್ಲ ಸವೆದು ಬದಲಾಗುತ್ತಲೇ ಇರಬೇಕಾದವು. ಬೆಲ್ಟಿಗೆ ಎರಡು ಸಾವಿರ ಮೈಲಿ ಬಂದರೆ ತೃಪ್ತಿ. ಅವುಗಳಿಗೆ ಅಂಜಬೇಕಾಗಿಲ್ಲ. ಅಂಜಬೇಕಾದದ್ದು ಟನಲ್ ಸೊಟ್ಟಗಾಗಿದ್ದರೆ, ಸ್ಕೀ ಎಂಬ ಜಾರುವ ಪಟ್ಟಿಗಳನ್ನು ಹಿಡಿದಿರುವ ಮುಂಭಾಗ ಯಾವುದೋ ಮರಕ್ಕೆ ಗುದ್ದಿ ಬಾಗಿದ್ದರೆ, ಟ್ರ್ಯಾಕಿನ ರಬ್ಬರಿನಿಂದ ನೂಲು ಹೊರಬಂದಿದ್ದರೆ. ಸೀಟಿನ ಕೆಳಗೆ, ಬಾನೆಟ್ಟಿನ ಒಳಗೆ ಅಲ್ಲಲ್ಲಿ ತೇಪೆ ಹಾಕಿದ್ದು ಕಂಡರೆ ಕಾರಣ ಕೇಳಲಿ.

ಅವನು ಗಾಡಿಯನ್ನು ನನ್ನ ಅಂಗಡಿಗೆ ತಂದರೆ ನಾನೇ ನೋಡಿಕೊಡುತ್ತೇನೆ, ಹಣ ಬೇಡ. ಹೋಟನ್‌ನಿಂದ ಹ್ಯಾನ್‌ಕಾಕ್‌ಗೆ ಕಾಲುವೆ ದಾಟಬೇಕು. ಅಲ್ಲಿನ ಎತ್ತುಸೇತುವೆಯಲ್ಲಿ ಚಳಿಗಾಲದಲ್ಲಿ ಮೇಲಿನ ಅಂತಸ್ತಿನಲ್ಲಿ ಕಾರು, ಕೆಳಗಿನ ಅಂತಸ್ತಿನಲ್ಲಿ ಸ್ನೋಮೊಬೈಲ್. ಮೊದಲ ಸಲ ಅದರೊಳಗೆ ಹಾದುಹೋದ ದಿನ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ತಾಮ್ರದ ಗಣಿಗಳ ಕಾಲದ ರೈಲು ಹಳಿ ಕಿತ್ತ ದಾರಿಗಳೇ ಇಂದು ಇಲ್ಲಿ ಸ್ನೋಮೊಬೈಲ್ ಹಾದಿಗಳು. 1978-79ರ ಚಳಿಗಾಲದಲ್ಲಿ ಇಲ್ಲಿ 390.4 ಇಂಚು, ಅಂದರೆ ಹತ್ತಿರ ಹತ್ತಿರ ಹತ್ತು ಮೀಟರ್ ಹಿಮ ಬಿದ್ದ ದಾಖಲೆಯಿದೆ. ಹೆದ್ದಾರಿಯ ಪಕ್ಕ ಆ ಎತ್ತರಕ್ಕೇ ಒಂದು ಅಳತೆಗೋಲು ನಿಲ್ಲಿಸಿದ್ದಾರೆ. ಅಂಥ ಊರಿನಲ್ಲಿ ಎರಡು ಚಳಿಗಾಲ ಕಳೆಯುವ ಹುಡುಗನಿಗೆ ಈ ಆಸೆ ಬಂದದ್ದು ತಪ್ಪಲ್ಲ.

ತಂದೆಯಾಗಿ ನೀವು ಕೇಳದೆ ಬಿಟ್ಟ ಪ್ರಶ್ನೆಗೂ ಉತ್ತರಿಸುತ್ತೇನೆ. ಹೆಲ್ಮೆಟ್ ಇಲ್ಲಿ ಕಾನೂನು. ನೋಂದಣಿಯೂ ಹಾದಿಯ ಪರವಾನಗಿಯೂ ಬೇಕು. ಅವನು ಒಬ್ಬನೇ ಹೋಗಬಾರದು. ಸರೋವರದ ಮಂಜುಗಡ್ಡೆಯ ಮೇಲೆ, ಊರಿನವರು ದಾರಿ ಗುರುತು ಹಾಕುವ ಮುನ್ನ, ಕಾಲಿಡಬಾರದು. ರಾತ್ರಿ ದೀಪದ ಬೆಳಕು ತಲುಪುವ ದೂರದೊಳಗೆ ನಿಲ್ಲಿಸಲಾಗದಷ್ಟು ವೇಗ ಬೇಡ. ಈ ಮಾತು ಅವನಿಂದ ಪಡೆದು ಹಣ ಕಳಿಸಿ. ಜೊತೆಗೆ ಇನ್ನೊಂದು 600 ಡಾಲರ್ ಬೇರೆ ತೆಗೆದಿಡಲು ಹೇಳಿ. ಹಳೆಯ ಗಾಡಿ ಮೊದಲ ವರ್ಷ ಅದನ್ನು ಕೇಳಿಯೇ ಕೇಳುತ್ತದೆ.

ಪ್ರಶ್ನೆ: ನಮ್ಮಲ್ಲಿ ಆರ್‌ಎಕ್ಸ್ 100, ಯೆಜ್ಡಿ ಎಲ್ಲ ಹೊಗೆಯ ಕಾರಣಕ್ಕೆ ಹೋದವು. ಅಮೆರಿಕದಂಥ ದೇಶದಲ್ಲಿ ಟು ಸ್ಟ್ರೋಕ್ ಸ್ನೋಮೊಬೈಲ್ ಇನ್ನೂ ಹೇಗೆ ಮಾರಾಟವಾಗುತ್ತಿದೆ? ಹೆಚ್ಚು ಬಾಳುವ ಫೋರ್ ಸ್ಟ್ರೋಕನ್ನೇ ಎಲ್ಲರೂ ಏಕೆ ಕೊಳ್ಳುವುದಿಲ್ಲ?
– ಮೆಕ್ಯಾನಿಕಲ್ ವಿದ್ಯಾರ್ಥಿ, ಬೆಂಗಳೂರು

ಉತ್ತರ: ತೂಕ. ಮೆತ್ತನೆಯ ಹಿಮದಲ್ಲಿ ಹೂತು ನಿಂತ ಗಾಡಿಯನ್ನು ಕೈಯಿಂದ ಎತ್ತಿ ಹೊರಗೆಳೆದವರಿಗೆ ಹತ್ತಾರು ಕಿಲೋ ವ್ಯತ್ಯಾಸ ಎಂದರೇನು ಎಂದು ಬೆನ್ನು ಹೇಳುತ್ತದೆ. ಬೆಟ್ಟ ಹತ್ತುವವರು ಅದಕ್ಕಾಗಿ ಟು ಸ್ಟ್ರೋಕ್ ಬಿಡುವುದಿಲ್ಲ. ಈಗಿನವು ಹಳೆಯ ಯೆಜ್ಡಿಯಂತೆ ನೀಲಿಹೊಗೆ ಉಗುಳುವುದೂ ಇಲ್ಲ. ಹಳೆಯ ಇಂಜಿನ್ನಿನಲ್ಲಿ ಉರಿಯದ ಪೆಟ್ರೋಲಿನ ಒಂದು ಪಾಲು ಹೊಗೆಯ ಜೊತೆಗೇ ಜಾರಿಹೋಗುತ್ತಿತ್ತು. 2009ರ ಮಾದರಿಯಿಂದ ಸ್ಕೀ-ಡೂ ಎಂಬ ಸ್ನೋಮೊಬೈಲ್ ಬ್ರ್ಯಾಂಡ್ ತಂದ ಇ-ಟೆಕ್ ಇಂಜಿನ್ ಪೆಟ್ರೋಲನ್ನು ನೇರವಾಗಿ ಸಿಲಿಂಡರಿನೊಳಕ್ಕೆ, ಹೊತ್ತು ನೋಡಿ ಚಿಮ್ಮಿಸುತ್ತದೆ. ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಿ ಮಾತ್ರ ಹೊಗೆಗೂ ಸದ್ದಿಗೂ ಬಿಗಿಯಾದ ಮಿತಿಯಿರುವುದರಿಂದ ಅಲ್ಲಿ ಫೋರ್ ಸ್ಟ್ರೋಕಿನದೇ ರಾಜ್ಯ. ಫೋರ್ ಸ್ಟ್ರೋಕ್ ಸ್ನೋಮೊಬೈಲಿಗೆ ಹೆಸರಾಗಿದ್ದ ಯಮಹಾ 2025ರ ಮಾದರಿಯೊಂದಿಗೆ ಸ್ನೋಮೊಬೈಲ್ ತಯಾರಿಕೆಯನ್ನೇ ನಿಲ್ಲಿಸುತ್ತಿರುವುದಾಗಿ ಹೇಳಿದಾಗ ನನಗೆ ನಿಜವಾಗಿಯೂ ದುಃಖವಾಯಿತು. ಅಷ್ಟು ಕಾಲ ಬಾಳುವ ಯಂತ್ರ ನಾನು ಬೇರೆ ನೋಡಿಲ್ಲ. ನೀವು ಮೆಕ್ಯಾನಿಕಲ್ ಓದುತ್ತಿರುವುದರಿಂದ ಇದನ್ನು ಹೇಳುತ್ತೇನೆ: ಕಡಿಮೆ ಹೊಗೆ, ಕಡಿಮೆ ಸದ್ದಿನ ಸ್ನೋಮೊಬೈಲ್ ರೂಪಿಸುವ ವಿದ್ಯಾರ್ಥಿ ಸ್ಪರ್ಧೆ, ಎಸ್‌ಎಇ ಕ್ಲೀನ್ ಸ್ನೋಮೊಬೈಲ್ ಚಾಲೆಂಜ್, 2000ದಲ್ಲಿ ಶುರುವಾಯಿತು. ಅದು ಅನೇಕ ವರ್ಷ ನಡೆದದ್ದು ನಮ್ಮ ಮಿಷಿಗನ್ ಟೆಕ್‌ನ ಪರೀಕ್ಷಾ ಮೈದಾನದಲ್ಲೇ.

ಪ್ರಶ್ನೆ: ಇಂದಿಗೂ ಓಡುತ್ತಿರುವ ಅತಿ ಹಳೆಯ ಸ್ನೋಮೊಬೈಲ್‌ಗಳು ಎಲ್ಲಿವೆ? ಮಕ್ಕಳಿಗೆ ಹೇಳಬೇಕು.
– ಪ್ರೌಢಶಾಲಾ ವಿಜ್ಞಾನ ಶಿಕ್ಷಕಿ, ಉಡುಪಿ

ಉತ್ತರ: ಟೀಚರ್, ಕಥೆಯನ್ನು ಕೆನಡಾದ ಕ್ವಿಬೆಕ್ ಪ್ರಾಂತ್ಯದ ವಾಲ್ಕೂರ್ ಎಂಬ ಹಳ್ಳಿಯಿಂದ ಶುರು ಮಾಡಿ. ಜೋಸೆಫ್-ಆರ್ಮಾಂಡ್ ಬೊಂಬಾರ್ಡಿಯೇ ಅಲ್ಲಿನ ಮೆಕ್ಯಾನಿಕ್. ಹದಿನೈದನೆಯ ವಯಸ್ಸಿನಲ್ಲೇ ಹಳೆಯ ಫೋರ್ಡ್ ಕಾರಿನ ಇಂಜಿನ್ನಿಗೆ ವಿಮಾನದ ಹಾಗೆ ಪಂಖ ಕಟ್ಟಿ ಹಿಮದ ಮೇಲೆ ಓಡಿಸಿದ ಹುಡುಗ. 1934ರ ಚಳಿಗಾಲದಲ್ಲಿ ಅವರ ಎರಡು ವರ್ಷದ ಮಗನಿಗೆ ಹೊಟ್ಟೆಯೊಳಗೆ ಸೋಂಕು ಹರಡಿತು. ದಾರಿಗಳೆಲ್ಲ ಹಿಮದಲ್ಲಿ ಮುಚ್ಚಿದ್ದವು, ಅವರು ಮಾಡುತ್ತಿದ್ದ ಗಾಡಿ ಇನ್ನೂ ಓಡುವ ಸ್ಥಿತಿಯಲ್ಲಿರಲಿಲ್ಲ. ಮಗು ಆಸ್ಪತ್ರೆ ಕಾಣದೆ ತೀರಿಕೊಂಡಿತು. ಮೂರು ವರ್ಷಗಳಲ್ಲಿ, 1937ರಲ್ಲಿ, ರಬ್ಬರ್ ಹೊದಿಸಿದ ಹಲ್ಲಿನಚಕ್ರ ಮತ್ತು ಟ್ರ್ಯಾಕಿನ ವ್ಯವಸ್ಥೆಗೆ ಅವರು ಪೇಟೆಂಟ್ ಪಡೆದರು. ಏಳು ಜನ ಕೂರುವ ಬಿ7, ಆಮೇಲೆ ಹನ್ನೆರಡು ಜನರ ಬಿ12. ವೈದ್ಯರು, ಪಾದ್ರಿಗಳು, ಅಂಚೆಯವರು, ಶಾಲೆಯ ಮಕ್ಕಳು ಅವುಗಳಲ್ಲಿ ಓಡಾಡಿದರು. ಒಬ್ಬಿಬ್ಬರು ಕೂರುವ, ನಾವಿಂದು ಸ್ನೋಮೊಬೈಲ್ ಎನ್ನುವ ಹಗುರ ಗಾಡಿಯನ್ನು ಅವರು ಸ್ಕೀ-ಡೂ ಹೆಸರಿನಲ್ಲಿ ಮಾರುಕಟ್ಟೆಗೆ ತಂದದ್ದು 1959ರಲ್ಲಿ.

ಆ ಬಿ12 ಗಾಡಿಗಳು ಮಿನ್ನೆಸೋಟದ ಲೇಕ್ ಆಫ್ ದಿ ವುಡ್ಸ್ ಸರೋವರದ ಮಂಜುಗಡ್ಡೆಯ ಮೇಲೆ ಇಂದಿಗೂ ಓಡುತ್ತಿವೆ. ಮರದ ಮೈ, ಹಡಗಿನ ಕಿಟಕಿಯಂಥ ದುಂಡು ಕಿಟಕಿ, ಹಿಂದುಗಡೆ ಕ್ರೈಸ್ಲರ್ ಕಂಪನಿಯ ಆರು ಸಿಲಿಂಡರಿನ ಇಂಜಿನ್. ಮೀನು ಹಿಡಿಯುವವರನ್ನು ಬೆಳಿಗ್ಗೆ ಒಯ್ದು ಸಂಜೆ ಕರೆತರುತ್ತವೆ. ನಾನು ಒಮ್ಮೆ ಅದರಲ್ಲಿ ಕೂತು ಹೋಗಿದ್ದೇನೆ. ಸೀಟಿನ ಹಲಗೆ ಎಷ್ಟೋ ಜನ ಕೂತೆದ್ದು ನುಣುಪಾಗಿತ್ತು. ಇಂಜಿನ್ ಗುಡುಗುಡು ಎನ್ನುತ್ತಿತ್ತೇ ಹೊರತು ಕಿರುಚುತ್ತಿರಲಿಲ್ಲ. ಎಂಟು ಸಾವಿರ ಸುತ್ತಿನ ಇಂಜಿನ್ ಹತ್ತು ಸಾವಿರ ಮೈಲಿಗೆ ದಣಿದರೆ, ಇವು ಎಪ್ಪತ್ತು ವರ್ಷ ದಾಟಿಯೂ ದುಡಿಯುತ್ತಿರುವುದಕ್ಕೆ ಆ ನಿಧಾನದ ಉಸಿರು ಒಂದು ಕಾರಣ. ಸವೆದ ಎಷ್ಟೋ ಭಾಗಗಳನ್ನು ಊರಿನ ಬಡಗಿ, ಕಮ್ಮಾರರೇ ಮಾಡಿಕೊಡಬಹುದಾಗಿದ್ದದ್ದು ಇನ್ನೊಂದು.

ಪ್ರಶ್ನೆ: ಡುಲೂತ್‌ನಲ್ಲಿ ಕೆಲಸ ಮಾಡುತ್ತೇನೆ. ಹೋದ ವರ್ಷ ಗಂಡನೂ ನಾನೂ ಕಾರ್ಬುರೇಟರ್ ಇರುವ ಹಳೆಯ ಟು ಸ್ಟ್ರೋಕ್ ಒಂದನ್ನು ಕೊಂಡೆವು. ಏಪ್ರಿಲ್‌ನಿಂದ ನವೆಂಬರ್‌ವರೆಗೆ ಅದನ್ನು ಹಾಗೇ ಗ್ಯಾರೇಜಿನಲ್ಲಿ ಬಿಟ್ಟರೆ ಸಾಲದೇ?
– ಓದುಗರು, ಡುಲೂತ್, ಮಿನ್ನೆಸೋಟ

ಉತ್ತರ: ಸಾಲದು ಅಮ್ಮಾ. ನನ್ನ ಅಂಗಡಿಗೆ ಡಿಸೆಂಬರ್‌ನಲ್ಲಿ ಬರುವ ಗಾಡಿಗಳಲ್ಲಿ ಬಹುಪಾಲು ಕೆಟ್ಟಿರುವುದು ಚಳಿಗಾಲದಲ್ಲಲ್ಲ, ಬೇಸಿಗೆಯಲ್ಲಿ. ಶಿವಮೊಗ್ಗದ ಮೇಷ್ಟ್ರಿಗೆ ಹೇಳಿದ ತುಕ್ಕಿನ ಗೆರೆ ನಿಮ್ಮ ಗಾಡಿಗೆ ಬೀಳುವುದು ಬೇಡ.

ಕೊನೆಯ ಸವಾರಿಯ ದಿನ ಪೆಟ್ರೋಲ್ ಟ್ಯಾಂಕ್ ತುಂಬಿಸಿ, ಪೆಟ್ರೋಲ್ ಕೆಡದಂತೆ ಹಾಕುವ ಸ್ಟೆಬಿಲೈಸರ್ ಸುರಿಯಿರಿ. ಇಲ್ಲಿನ ಪೆಟ್ರೋಲಿನಲ್ಲಿ ಎಥೆನಾಲ್ ಇರುತ್ತದೆ, ಅದು ತೇವ ಹೀರುತ್ತದೆ. ತಿಂಗಳುಗಟ್ಟಲೆ ನಿಂತರೆ ಕಾರ್ಬುರೇಟರಿನ ಸೂಕ್ಷ್ಮ ರಂಧ್ರಗಳು ಅಂಟಿನಿಂದ ಮುಚ್ಚುತ್ತವೆ. ಐದು ನಿಮಿಷ ಇಂಜಿನ್ ಓಡಿಸಿದರೆ ಮದ್ದು ಬೆರೆತ ಪೆಟ್ರೋಲು ಎಲ್ಲ ಕಡೆ ತಲುಪುತ್ತದೆ. ಆಮೇಲೆ ಗ್ಯಾರೇಜಿನ ಬಾಗಿಲು ಪೂರ್ತಿ ತೆರೆದು, ಇಂಜಿನ್ ಓಡುತ್ತಿರುವಾಗಲೇ ಗಾಳಿ ಒಳಹೋಗುವ ದಾರಿಯಲ್ಲಿ ಫಾಗಿಂಗ್ ಆಯಿಲ್ ಸಿಂಪಡಿಸಿ. ಎರಡೂ ಕಾರ್ಬುರೇಟರಿಗೆ, ಸರದಿಯಲ್ಲಿ. ಮೊದಲು ಸದ್ದು ಮಂದವಾಗುತ್ತದೆ, ಆಮೇಲೆ ದಟ್ಟ ಬಿಳಿಹೊಗೆ ಬಂದು ಎದುರಿನ ಮನೆ ಕಾಣದಂತಾಗುತ್ತದೆ. ಹೆದರಬೇಡಿ. ಇಂಜಿನ್ ಉಸಿರುಕಟ್ಟಿ ತಾನೇ ನಿಲ್ಲುವವರೆಗೂ ಸಿಂಪಡಿಸಿ. ಈಗ ಬೇರಿಂಗು, ರಿಂಗು, ಸಿಲಿಂಡರಿನ ಗೋಡೆ ಎಲ್ಲದರ ಮೇಲೂ ಎಣ್ಣೆಯ ತೆಳುಪರದೆ ಕೂತಿತು. ಫೋರ್ ಸ್ಟ್ರೋಕ್ ಇರುವವರು ನಿಲ್ಲಿಸುವ ಮೊದಲು ಎಣ್ಣೆ ಬದಲಾಯಿಸಬೇಕು.

ಡ್ರೈವ್ ಬೆಲ್ಟ್ ಬಿಚ್ಚಿ ಗೋಡೆಗೆ ತೂಗುಹಾಕಿ. ಗ್ರೀಸ್ ಹೊಡೆಯುವ ಮೂತಿಗಳಿಗೆಲ್ಲ, ಹಳೆಯ ಗ್ರೀಸಿನ ಜೊತೆ ನೀರಿನ ಹನಿ ಹೊರಬರುವವರೆಗೂ ಒತ್ತಿ. ಹಿಂಭಾಗವನ್ನು ಸ್ಟ್ಯಾಂಡಿನ ಮೇಲೆ ಎತ್ತಿಡಿ. ನೆಲದವರೆಗೆ ಪ್ಲಾಸ್ಟಿಕ್ ಹೊದಿಸಬೇಡಿ, ಗಾಳಿ ಆಡುವ ಬಟ್ಟೆಯ ಹೊದಿಕೆ ಸಾಕು.

ಇನ್ನು ಇಲಿ. ಸೈಲೆನ್ಸರಿನ ಬಾಯಿಗೂ ಗಾಳಿಪೆಟ್ಟಿಗೆಯ ಬಾಯಿಗೂ ಉಕ್ಕಿನ ನಾರನ್ನು ಗಟ್ಟಿಯಾಗಿ ತುರುಕಿ. ನಂತರ ಒಂದು ಕೆಂಪು ಬಟ್ಟೆಯ ಚೂರನ್ನು ಹ್ಯಾಂಡಲ್ಲಿಗೆ, ಸ್ವಿಚ್ಚಿನ ಪಕ್ಕದಲ್ಲೇ ಕಟ್ಟಿ. ನವೆಂಬರ್‌ನ ಮೊದಲ ಹಿಮ ಕಂಡ ಸಂಭ್ರಮದಲ್ಲಿ ಆ ನಾರು ತೆಗೆಯುವುದನ್ನು ಮರೆತು ಗಾಡಿ ಶುರು ಮಾಡಿದವರನ್ನು ನಾನು ಬಹಳ ಕಂಡಿದ್ದೇನೆ.